ಒಂದು ಗೇಣು ಜಾಗ

ಹೋದ ವರ್ಷ ಗೌರಿಹಬ್ಬಕ್ಕೆ ಬಂದ ನನ್ನ ನಾದಿನಿ ಎಂಟು ದಿನ ನಮ್ಮಲ್ಲಿದ್ದಳು. ಎಂಟು ದಿನವೂ ಅವಳ ಬಟ್ಟೆ ಹಾಲಿನ ಮೂಲೆಯಲ್ಲಿ, ಬಾಯಿ ತೆರೆದ ಸೂಟ್‌ಕೇಸಿನಲ್ಲೇ ಇತ್ತು. ಸ್ನಾನ ಮುಗಿಸಿ ಬಂದು ಕುಕ್ಕರುಗಾಲಲ್ಲಿ ಕೂತು ಅವಳು ರವಿಕೆ ಹುಡುಕುವುದನ್ನು ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳನ್ನು ಬಸ್ಸು ಹತ್ತಿಸಿ ಬಂದ ಸಂಜೆ ಒಂದೇ ಮಾತು ಅಂದರು: “ಹಳೇ ಮನೇಲಿ ಬಂದೋರಿಗೆ ಅಂತ ಒಂದು ಗಳ ಖಾಲಿ ಇರ್ತಿತ್ತು ಕಣಮ್ಮ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹಳ್ಳಿಯ ಆ ಮನೆಯಲ್ಲಿ ಕಪಾಟು ಎನ್ನುವುದೇ ಇರಲಿಲ್ಲ. ಗೋಡೆಯಲ್ಲಿ ಗೂಡು, ಸೂರಿನ ಕೆಳಗೆ ನಾಗಂದಿಗೆ, ಮಂಚದಡಿ ಎರಡು ಟ್ರಂಕು, ನಡುಮನೆಯಲ್ಲಿ ತೂಗುಬಿಟ್ಟ ಬಿದಿರಿನ ಗಳ. ಅಷ್ಟರಲ್ಲೇ ಹನ್ನೊಂದು ಜನರ ಬಟ್ಟೆ ಹಿಡಿಯುತ್ತಿತ್ತು. ಈಗ ಅರಸೀಕೆರೆಯ ಈ ಮನೆಯಲ್ಲಿ ಇರುವವರು ನಾಲ್ಕು ಜನ. ಮಲಗುವ ಕೋಣೆಯಲ್ಲಿ ಮಾಡ್ಯುಲರ್ ವಾರ್ಡ್‌ರೋಬ್ ಇದೆ: ಆರಡಿ ಅಗಲ, ಏಳಡಿ ಎತ್ತರ, ಎರಡಡಿ ಆಳ. ಗುಣಿಸಿದರೆ 84 ಘನ ಅಡಿ. ಆದರೂ ಮನೆಮಗಳ ನಾಲ್ಕು ಸೀರೆಗೆ ಜಾಗವಿಲ್ಲ.

ಒಂದು ಭಾನುವಾರ ಟೇಪು ಹಿಡಿದು ಕೂತೆ. ಬಲಗಡೆಯ ಬಾಕ್ಸಿನಲ್ಲಿ ಐದು ಅರೆ, ಒಂದೊಂದೂ 16 ಇಂಚು ಎತ್ತರ. ಸೀರೆಯನ್ನು ಒಂದರ ಮೇಲೊಂದು ಏಳು ಇಂಚಿನ ತನಕ ಪೇರಿಸಬಹುದು. ಅದಕ್ಕಿಂತ ಎತ್ತರಿಸಿದರೆ ಅಡಿಯದನ್ನು ಎಳೆದಾಗ ರಾಶಿಯೇ ಜಾರುತ್ತದೆ. ಹಾಗಾಗಿ ಪ್ರತಿ ಅರೆಯಲ್ಲೂ ಸೀರೆಯ ತಲೆಯ ಮೇಲೆ ಒಂಬತ್ತು ಇಂಚು ಏನೂ ಇಲ್ಲ. ಎಡಗಡೆ ಹ್ಯಾಂಗರಿನ ಕೋಲು. ಅಂಗಿಗೆ ಬೇಕಾದ್ದು 40 ಇಂಚು. ಅದರ ಕೆಳಗೆ ಮೂರಡಿಗೂ ಹೆಚ್ಚು ಜಾಗದಲ್ಲಿ ಚೀಲಗಳು, ಹಳೆಯ ಹೊದಿಕೆ, ಯಾವುದೋ ಮದುವೆಯಲ್ಲಿ ಕೊಟ್ಟ ಸ್ಟೀಲಿನ ಡಬ್ಬಿ, ಎಲ್ಲ ಒಂದರೊಳಗೊಂದು ಸಿಕ್ಕಿಕೊಂಡು ಬಿದ್ದಿದ್ದವು. ನಮ್ಮ ಕಪಾಟು ತುಂಬಿರಲಿಲ್ಲ, ತುಂಬಿದ ಹಾಗೆ ಕಾಣುತ್ತಿತ್ತು.

ಇದಾದ ಸ್ವಲ್ಪ ದಿನಕ್ಕೆ ಜಾವಗಲ್ ದಾರಿಯಲ್ಲಿ ಹಳೇಬೀಡಿಗೆ ಹೋಗಬೇಕಾಯಿತು. ಮದುವೆ ಊಟ ಮುಗಿಸಿ ಅತ್ತೆಯನ್ನು ಕರೆದುಕೊಂಡು ಹೊಯ್ಸಳೇಶ್ವರಕ್ಕೆ ಹೋದೆ. ಎಷ್ಟು ಸಲ ನೋಡಿದ ಗೋಡೆ ಅದು! ಮೊದಲೆಲ್ಲ ನನ್ನ ಕಣ್ಣು ಮೇಲಿನ ದೊಡ್ಡ ವಿಗ್ರಹಗಳಿಗೇ ಹೋಗುತ್ತಿತ್ತು. ಅವತ್ತು ಬುಡದ ಪಟ್ಟಿಗಳ ಮುಂದೆ ನಿಂತುಬಿಟ್ಟೆ. ಎಲ್ಲಕ್ಕಿಂತ ಕೆಳಗೆ ಆನೆಸಾಲು. ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಕೊನೆಗೆ ಹಂಸ. ಎಂಟು ಪಟ್ಟಿ, ಒಂದರ ಮೇಲೊಂದು, ನಾನು ಕೈಯೆತ್ತಿದರೆ ಸಿಗುವ ಎತ್ತರದೊಳಗೆ. ಬಳ್ಳಿಗೆ ಬಳ್ಳಿಯಷ್ಟು, ಆನೆಗೆ ಆನೆಯಷ್ಟು. ಅವುಗಳ ಮೇಲೆ, ನಿಂತ ದೇವರಿಗೆ ನಿಲ್ಲುವಷ್ಟು. ಆನೆಯ ಬೆನ್ನ ಮೇಲೆ ಸುಮ್ಮನೆ ಬಿಟ್ಟ ಕಲ್ಲು ಹುಡುಕಿದರೂ ಸಿಗುವುದು ಕಷ್ಟ. 1121ರ ಸುಮಾರಿಗೆ ಕೆಲಸ ಹಿಡಿದ ಆ ಶಿಲ್ಪಿಗಳು ಮೊದಲು ಒಳಗೆ ಬರುವ ಜೀವವನ್ನು ನೋಡಿ, ಆಮೇಲೆ ಗೆರೆ ಎಳೆದಿದ್ದರು. ನಮ್ಮ ವಾರ್ಡ್‌ರೋಬಿನಲ್ಲಿ ಗೆರೆಯನ್ನು ಮೊದಲು ಎಳೆದು ಬಟ್ಟೆಯನ್ನು ಆಮೇಲೆ ತಂದಿದ್ದೆವು. ಅತ್ತೆ ಹಂಸದ ಸಾಲಿನತ್ತ ಕೈ ತೋರಿಸಿ, “ಎಷ್ಟ್ ಒತ್ತೊತ್ತಾಗಿ ನಡೀತವೆ ನೋಡು, ಒಂದಕ್ಕೂ ಇಕ್ಕಟ್ಟಿಲ್ಲ” ಅಂದರು. ನನಗೆ ಬೇಕಾದ ಮಾತೇ ಅದಾಗಿತ್ತು.

ಮರುವಾರ ನಮ್ಮ ಬೀದಿಯ ಆಚಾರ್ರನ್ನು ಕರೆಸಿದೆ. ಬಾಗಿಲು ತೆಗೆದು ನೋಡಿ, “ಅರ್ಧ ಬೀರು ಗಾಳಿಗೇ ಬಿಟ್ಟಿದೀರಲ್ಲಮ್ಮ” ಅಂದರು. ಆಮೇಲೆ ಪಕ್ಕದ ಹಲಗೆಯ ಮೇಲೆ ಬೆರಳಾಡಿಸಿ ತೋರಿಸಿದರು. ಉದ್ದಕ್ಕೂ ಸಣ್ಣ ಸಣ್ಣ ತೂತಿನ ಸಾಲು, 32 ಮಿಲಿಮೀಟರಿಗೊಂದು. ಅಂದರೆ ಒಂದೂಕಾಲು ಇಂಚಿಗೆ ಒಂದು. ಗೂಟ ಕಿತ್ತು ಬೇಕಾದ ತೂತಿಗೆ ಹಾಕಿದರೆ ಹಲಗೆ ಮೇಲೆ ಕೆಳಗೆ ಹೋಗುತ್ತದೆ. ಮಾಡ್ಯುಲರ್ ಎಂಬ ಹೆಸರಿನ ಗುಟ್ಟಿರುವುದೇ ಆ ತೂತುಗಳಲ್ಲಿ. ನಾಲ್ಕು ವರ್ಷದಿಂದ ಬಟ್ಟೆ ಇಡುತ್ತ ತೆಗೆಯುತ್ತ ಬಂದಿದ್ದರೂ ಅವು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಸೀರೆಯ ಅರೆ ಎಷ್ಟೆತ್ತರ ಇರಬೇಕು ಎಂದು ಆಚಾರ್ರು ಕೇಳಿದಾಗ ನಾನು ಟೇಪು ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆ ಹೆಬ್ಬೆರಳು ಕಿರುಬೆರಳು ಚಾಚಿ ಹಲಗೆಗೆ ಆನಿಸಿ, “ಒಂದು ಗೇಣು ಸಾಕು” ಅಂದರು. ಅಳೆದರೆ ಅವರ ಗೇಣು ಏಳೂವರೆ ಇಂಚು. 16 ಇಂಚಿನ ನಡುವೆ ಒಂದು ಹಲಗೆ ಕೂರಿಸಿದರೆ ಮೇಲೆ ಕೆಳಗೆ ಉಳಿಯುವುದೂ ಹೆಚ್ಚುಕಡಿಮೆ ಅಷ್ಟೇ. ಮೂರು ಅರೆ ಆರಾದವು. ಮೂರಡಿ ಉದ್ದದ ಪಾರ್ಟಿಕಲ್ ಬೋರ್ಡು ರೇಷ್ಮೆಯ ಭಾರಕ್ಕೆ ನಡುವಲ್ಲಿ ಜಗ್ಗತೊಡಗಿತ್ತು. ಅದಕ್ಕೆ ಮಧ್ಯೆ ಒಂದು ನಿಲುಹಲಗೆ ಕೊಟ್ಟರು. ಜಗ್ಗುವುದೂ ನಿಂತಿತು, ಸೀರೆಯ ರಾಶಿ ಪಕ್ಕಕ್ಕೆ ವಾಲುವುದೂ ನಿಂತಿತು. ಎಡಗಡೆ ಅಂಗಿಗಳ ಕೆಳಗೆ ಇನ್ನೊಂದು ಕೋಲು ಬಂತು. 40 ಮತ್ತು 40 ಸೇರಿದರೆ 80. ಏಳಡಿಗೆ ಸರಿಯಾಗಿ ಹೊಂದಿತು. ಉದ್ದ ಚೂಡಿದಾರಗಳನ್ನು ಮಾತ್ರ ಮಡಿಸಿ ಇಡಬೇಕಾಯಿತು.

ಆಳದ ತೊಂದರೆ ಬೇರೆ. ಎರಡಡಿ ಒಳಗೆ, ಮುಂದಿನ ರಾಶಿಯ ಹಿಂದೆ, ಏನಿದೆ ಎಂಬುದೇ ಗೊತ್ತಾಗುವುದಿಲ್ಲ. ಆ ಕತ್ತಲಲ್ಲಿ ಸಿಕ್ಕಿದ್ದು ರವಿಕೆ ಕಣಗಳು. ಅರಿಸಿನ ಕುಂಕುಮಕ್ಕೆ, ಬಾಗಿನಕ್ಕೆ, ಮಡಿಲು ತುಂಬಿದ್ದಕ್ಕೆ ಬಂದವು, ಎಣಿಸಿದರೆ 63. ಕೊಟ್ಟವರ ಕೈಯ ಅರಿಸಿನ ಇನ್ನೂ ಕೆಲವದರ ಅಂಚಿನಲ್ಲಿತ್ತು. ಅವನ್ನು ಒಂದರ ಮೇಲೊಂದು ಇಟ್ಟರೆ ಅಡಿಯದ್ದು ಯಾವತ್ತೂ ಮೇಲೆ ಬರುವುದಿಲ್ಲ. ಈಗ ವೀಳ್ಯದೆಲೆಯ ಕವಳೆಯ ಹಾಗೆ ನಿಲ್ಲಿಸಿ, ಮುಂದಕ್ಕೆ ಎಳೆಯುವ ಒಂದು ಟ್ರೇಯಲ್ಲಿ ಜೋಡಿಸಿದ್ದೇನೆ. ಎಳೆದ ಕೂಡಲೇ ಎಲ್ಲದರ ಅಂಚೂ ಕಾಣುತ್ತದೆ, ಯಾರಿಗೆ ಯಾವುದು ಕೊಡಬೇಕೆಂಬುದೂ ಹೊಳೆಯುತ್ತದೆ. ಟ್ರೇಯ ಚಾನಲ್ಲಿಗೆ ಎರಡೂ ಕಡೆ ಅರ್ಧರ್ಧ ಇಂಚು ಹೋಯಿತು. ಆದರೆ ಹಿಂದಿನ ಒಂದಡಿ ಪೂರ್ತಿ ನಮ್ಮ ಕೈಗೆ ಬಂತು.

ನಮ್ಮೂರಿನ ಶಿವಾಲಯವೂ ಒಂದು ಉಪಾಯ ಹೇಳಿಕೊಟ್ಟಿತು. 1220ರ ಆ ಗುಡಿಯ ತಳವಿನ್ಯಾಸ ನಕ್ಷತ್ರದಾಕಾರ. ಗೋಡೆ ಮುರಿಮುರಿದು ಸುತ್ತುವುದರಿಂದ ಅಷ್ಟೇ ನೆಲದಲ್ಲಿ ಕೆತ್ತಲು ಸಿಗುವ ಮೈ ಎಷ್ಟೋ ಹೆಚ್ಚು. ಕಪಾಟಿಗೂ ಅಂಥ ಮೈ ಇದೆ: ಬಾಗಿಲ ಒಳಮೈ. ಅಲ್ಲಿ ಕೊಕ್ಕೆ ಹೊಡೆಸಿ ಬೆಲ್ಟು, ಸರ, ಕೈಚೀಲ ನೇತುಹಾಕಿದ ಮೇಲೆ ಒಂದು ಡ್ರಾಯರ್ ಪೂರ್ತಿ ಬಿಡುವಾಯಿತು.

ಇನ್ನು ಲಾಫ್ಟು. ಅರಸೀಕೆರೆ, ತಿಪಟೂರು ಸೀಮೆಯವರಿಗೆ ಅಟ್ಟದ ಮಹಿಮೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಂಡೆ ಕೊಬ್ಬರಿಗೆಂದು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದಾಗ ಲೊಟಲೊಟ ಅಂದರೆ ಆಯಿತು, ಇಳಿಸಬಹುದು. ವರ್ಷಕ್ಕೊಮ್ಮೆ ಬೇಕಾದದ್ದು ಮೇಲೆ, ದಿನಾ ಬೇಕಾದದ್ದು ಕೈಯಳತೆಯಲ್ಲಿ ಎಂಬ ವಿವೇಕ ಕಾಯಿಯ ವಿಷಯದಲ್ಲಿ ನಮಗೆ ರಕ್ತಗತ. ಬಟ್ಟೆಯ ವಿಷಯಕ್ಕೆ ಬಂದಾಗ ತಿರುವುಮುರುವು ಮಾಡಿದ್ದೆವು. ದಸರಾ ಗೊಂಬೆಯ ಪೆಟ್ಟಿಗೆ ಕೆಳಗಿನ ಅರೆಯಲ್ಲಿತ್ತು. ರಾತ್ರಿ ಹೊದೆಯುವ ರಗ್ಗು ಲಾಫ್ಟಿನಲ್ಲಿ. ಅತ್ತೆ ಆ ವಯಸ್ಸಿನಲ್ಲಿ ಸ್ಟೂಲು ಹತ್ತುತ್ತಿದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಗೊಂಬೆ ಮೇಲೇರಿತು, ರಗ್ಗು ಇಳಿಯಿತು.

ಜಾಗ ಸಿಕ್ಕ ಹುರುಪಿನಲ್ಲಿ ಮೂಲೆಮೂಲೆ ತುಂಬಲು ಹೊರಟಿದ್ದೆ. ತಡೆದವಳು ಬೇಲೂರಿನಲ್ಲಿರುವ ನಮ್ಮಮ್ಮ. ಅಲ್ಲಿಯ ಮಳೆಗಾಲ ಅರಸೀಕೆರೆಯ ಮಳೆಗಾಲದಂತಲ್ಲ. ಆಷಾಢದಲ್ಲಿ ಬೀರುವಿನೊಳಗೆ ಬೂಷ್ಟು ಹಿಡಿದು ಅಮ್ಮನ ಎರಡು ಸೀರೆ ಹಾಳಾಗಿದ್ದವು. “ಚೆನ್ನಕೇಶವನ ಗುಡೀಲೇ ಜಾಲಂಧ್ರ ಇಟ್ಟವರೆ, ನೀನು ಸೀರೆಗೆ ಉಸಿರಾಡಕ್ಕೆ ಬಿಡಲ್ವಾ?” ಅಂದಳು ಫೋನಿನಲ್ಲಿ. ಹಿಂಬದಿಗೆ ಎರಡು ಬೆರಳು ಸಂದು ಬಿಟ್ಟಿದ್ದೇನೆ. ರೇಷ್ಮೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬಜೆ ಮತ್ತು ಲಾವಂಚದ ಬೇರು ಇಟ್ಟಿದ್ದೇನೆ. ನುಸಿಗುಳಿಗೆ ಜರಿಗೆ ತಾಕಬಾರದು ಎಂದೂ ಅವಳೇ ಹೇಳಿದ್ದು.

ಕೆಲಸ ಮುಗಿದ ಸಂಜೆ ಬಲಗಡೆಯ ಮೂರನೆಯ ಅರೆ ಪೂರ್ತಿ ಖಾಲಿ ಉಳಿಯಿತು. ಮಕ್ಕಳ ಸ್ವೆಟರು ಅಲ್ಲಿಗಿರಲಿ ಎಂದು ತಂದೆ. ಅತ್ತೆ ಬೇಡವೆಂದು ಕೈ ಅಡ್ಡ ಹಿಡಿದರು. ಒಗೆದ ಬಿಳಿ ಪಂಚೆಯೊಂದನ್ನು ತಂದು ಅರೆಯ ಅಗಲಕ್ಕೆ ಮಡಿಸಿ ಹಾಸಿದರು, ಸುಕ್ಕನ್ನು ಅಂಗೈಯಲ್ಲಿ ತೀಡಿದರು. ಗೌರಿಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಹೋಗಿ ಮಗಳಿಗೆ ಫೋನು ಹಚ್ಚಿದರು.