ಅರಿಯದ ದೊಡ್ಡ ಕೆರೆಗೆ ಸೋವಿಯ ಪ್ರಯಾಣ

ಗೋಪನಕೊಪ್ಪವು ಈಗ ಹುಬ್ಬಳ್ಳಿಯ ಒಡಲೊಳಗೆ ಸೇರಿಹೋದ ಊರು. ಇಲ್ಲಿಯ ನಮಗೆ ಕೆರೆಯೆಂದರೆ ಉಣಕಲ್ಲ ಕೆರೆ. ಅದರ ಏರಿ, ಅದರ ಗಾಳಿ, ಎಲ್ಲಿ ಕಾಲು ಜಾರುವದು, ಎಲ್ಲಿ ಕೆಸರು ಹೂಳುವದು ಎಂಬುದೆಲ್ಲ ನಮಗೆ ಮನೆಯಂಗಳದಂತೆ ಗೊತ್ತು. ಅರಿಯದ ನೀರಿನ ಮಾತು ಬೇರೆ. ಅಂಥ ನೀರಿಗೆ ಮುದುಕರನ್ನೂ ಮಕ್ಕಳನ್ನೂ ಕರೆದುಕೊಂಡು, ಅದೂ ಸ್ವಲ್ಪ ಹಣದಲ್ಲಿ, ಹೋಗಬೇಕೆಂಬ ವಿಚಾರವು ಈ ವರ್ಷ ನಮ್ಮ ಮನೆಯಲ್ಲಿ ಎದ್ದಿದೆ. ಆ ವಿಚಾರವನ್ನು ವಾಚಕರ ಮುಂದಿಡುವೆವು. ಯಾತಕ್ಕೆಂದರೆ ಇಂಥ ಹೊರಡೋಣಗಳಲ್ಲಿ ಕೆಡುಕು ಆಗುವದು ದಾರಿಯಲ್ಲಲ್ಲ, ಮನೆಯಲ್ಲಿ ಕುಳಿತು ಯೋಚಿಸದೆ ಬಿಟ್ಟದ್ದರಲ್ಲಿ.

ಇದಕ್ಕೆ ಮೂಲವು ಅಮೇರಿಕೆಯ ಮಿನೆಸೋಟ ಪ್ರಾಂತದಲ್ಲಿರುವ ನಮ್ಮ ಬಂಧುವೊಬ್ಬನ ಮಾತು. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವವು. ಜನರು ಹಿಮದ ಹಾಸಿನ ಮೇಲೆ ನಡೆದುಹೋಗಿ, ಬೈರಿಗೆಯಿಂದ ತೂತು ಕೊರೆದು, ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಗಾಳ ಇಳಿಬಿಡುವರು. ನೀರು ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಎಲ್ಲಕ್ಕಿಂತ ಭಾರವಾಗಿ ತಳಕ್ಕೆ ಇಳಿಯುವದು. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೆಯೇ ನಿಂತು ಹೆಪ್ಪಾಗುವದು. ಆದ ಕಾರಣ ಹಿಮದ ಕೆಳಗೆ ಮೀನು ಸುಖವಾಗಿ ಬದುಕಿರುವದು. ಹೊಸ ತಿಳಿ ಹಿಮವು ನಾಲ್ಕು ಅಂಗುಲ ದಪ್ಪವಿದ್ದರೆ ಒಬ್ಬನು ನಡೆಯಬಹುದು. ಬೆಳ್ಳಗಿನ ಹಿಮವಾದರೆ ಅದರ ಇಮ್ಮಡಿ ಬೇಕು. ಅಲ್ಲಿಯ ಮಿಲ್ ಲ್ಯಾಕ್ಸ್ ಎಂಬ ಸರೋವರವು ಸುಮಾರು 1,32,000 ಎಕರೆ ವಿಸ್ತಾರವುಳ್ಳದ್ದಾದರೂ ಅದರ ಅತಿ ಹೆಚ್ಚಿನ ಆಳವು 42 ಅಡಿ ಮಾತ್ರ. ಆ ಬಂಧುವು ಹೊಸ ಸರೋವರಕ್ಕೆ ಹೋಗುವಾಗ ಮೊದಲು ದಡದ ಗಾಳದಂಗಡಿಯವನನ್ನು ಕೇಳುತ್ತಾನಂತೆ. ಆಮೇಲೆ ಹೆಜ್ಜೆಹೆಜ್ಜೆಗೂ ಹಿಮವನ್ನು ಕುಟ್ಟಿ ನೋಡುತ್ತಾನಂತೆ.

ಇದನ್ನು ಕೇಳಿದ ನಮ್ಮ ಕಾಕಾ ಅವರಿಗೆ ಒಂದು ಹಂಬಲ ಹುಟ್ಟಿತು. ಅವರಿಗೆ ವಯಸ್ಸು ಎಪ್ಪತ್ತಾರು. ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದು ಹೋಗುತ್ತಲಿದೆ. ಹುಡುಗತನದಲ್ಲಿ ಗಾಳ ಹಿಡಿದು ಹಗಲೆಲ್ಲ ಕುಳಿತವರು. ಅಮೇರಿಕೆಯ ಮಾತು ನಮ್ಮ ಶಕ್ತಿಗೆ ಮೀರಿದ್ದು. “ಹಿಮ ಬ್ಯಾಡಪ್ಪಾ, ಆಚೀ ದಂಡೀ ಮ್ಯಾಲಿನ ಮನಿಶ್ಯಾ ಕಾಣದಂಥಾ ನೀರ ಒಂದ ಸಲ ತೋರಸ್ರಿ, ಕಣ್ಣ ಇರೂದರಾಗ” ಎಂದರು. ಆ ಮಾತಿನ ಮೇಲೆ ಬೇಡವೆನ್ನುವದು ನಮ್ಮಿಂದಾಗಲಿಲ್ಲ.

ಚನ್ನಗಿರಿ ತಾಲೂಕಿನ ಸೂಳೆಕೆರೆಯನ್ನು ಆರಿಸಿದೆವು. ಇದರ ನೀರಿನ ಹರವು 6,550 ಎಕರೆ. ಇದಕ್ಕೆ ನೀರು ಹರಿದು ಬರುವ ಸೀಮೆಯು 81,483 ಎಕರೆ. ಏಷ್ಯದಲ್ಲಿಯೇ ಎರಡನೆಯ ದೊಡ್ಡ ಕೆರೆಯೆಂಬ ಮಾತು ಜನರ ಬಾಯಲ್ಲಿದೆ. ಸೋಜಿಗವೆಂದರೆ ಇಷ್ಟು ನೀರನ್ನು ತಡೆದು ನಿಲ್ಲಿಸಿದ ಏರಿಯು ಬಹು ಉದ್ದವಾದದ್ದೇನಲ್ಲ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟನ್ನು ನೋಡಿ, ಅಲ್ಲಿ ಮಾತ್ರ ಅಗಲವಾಗಿ ಎತ್ತರವಾಗಿ ಕಟ್ಟಿದ್ದಾರೆ. ಕೆರೆಯಿಂದ ಹೊರಡುವ ಹರಿದ್ರಾ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುವದು. ಈಚೆಗೆ ಭದ್ರಾ ನಾಲೆಯ ನೀರೂ ಕೆರೆಗೆ ಬರುವದು. ಚಿತ್ರದುರ್ಗದ ಜನರು ಕುಡಿಯುವದು ಇದೇ ನೀರು.

ಹೆಸರಿನ ವಿಷಯವಾಗಿ ನಮ್ಮ ಮನೆಯಲ್ಲಿ ಸ್ವಲ್ಪ ಸಂಕೋಚವುಂಟಾಯಿತು. ಮಕ್ಕಳ ಮುಂದೆ “ಶಾಂತಿಸಾಗರ”ವೆನ್ನಿರೆಂದು ಅತ್ತಿಗೆಯವರು ಹೇಳಿದರು. ಆದರೆ ಐತಿಹ್ಯವು ಹೀಗಿದೆ: ಶಾಂತವ್ವೆಯೆಂಬ ರಾಜಪುತ್ರಿಯು ಕೆರೆ ಕಟ್ಟಿಸಲು ಹೊರಟಾಗ ಆ ನೆಲವು ವೇಶ್ಯೆಯರದಾಗಿತ್ತು; ಕೆರೆಗೆ ತಮ್ಮ ಹೆಸರಿಡುವದಾದರೆ ಕೊಡುವೆವೆಂದು ಅವರು ಹೇಳಿ ನೆಲವನ್ನು ಬಿಟ್ಟುಕೊಟ್ಟರು. ನೆಲ ಕೊಟ್ಟವರಿಗೆ ಆಡಿದ ಮಾತನ್ನು ನಾವೇಕೆ ತಪ್ಪಬೇಕು? ನಾವಂತೂ ಸೂಳೆಕೆರೆಯೆಂದೇ ಅನ್ನುವೆವು.

ಇನ್ನು ಖರ್ಚು. ಐದು ಜನರಿಗೆ ಒಂದೂವರೆ ಸಾವಿರ ರೂಪಾಯಿಗಿಂತ ಹೆಚ್ಚಾಗಕೂಡದೆಂದು ಕಟ್ಟು ಹಾಕಿಕೊಂಡಿದ್ದೇವೆ. ಮನೆಯ ಬಾಗಿಲಿಗೆ ಬಾಡಿಗೆಯ ಮೋಟಾರು ಕರೆಸಿದರೆ ಎಲ್ಲ ಹಣವೂ ಅದಕ್ಕೇ ಸಾಲದು. 2023ನೆಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲವಾದ್ದರಿಂದ ಬಸ್ಸಿನಲ್ಲಿಯೇ ಹೋಗಬೇಕೆಂದು ಅತ್ತಿಗೆಯವರ ವಾದ. ಆದರೆ ಕಾಕಾ ಅವರಿಗೆ ಮೂರು ತಾಸು ಒಂದೇ ಬಗೆಯಾಗಿ ಕೂಡ್ರಲಾಗದು; ರೈಲಿನಲ್ಲಿ ಎದ್ದು ಅಡ್ಡಾಡಬಹುದು, ಪಾಯಖಾನೆಯುಂಟು. ಆದ್ದರಿಂದ ದಾವಣಗೆರೆಯವರೆಗೆ, ಸುಮಾರು 145 ಕಿಲೋಮೀಟರು, ರೈಲು. ಅಲ್ಲಿಂದ ಮುಂದೆ ಬಸ್ಸು ಎಂದು ರಾಜಿಯಾಯಿತು. ಹುಬ್ಬಳ್ಳಿಯ ನಿಲ್ದಾಣಕ್ಕೆ ಮಾತ್ರ ಬೇಗನೆ ಹೋಗಬೇಕು. 2023ರಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮು 1,507 ಮೀಟರು ಉದ್ದವಿದ್ದು ಜಗತ್ತಿನಲ್ಲಿಯೇ ಹೆಚ್ಚಿನದೆಂಬ ಕೀರ್ತಿ ಪಡೆದಿದೆ. ಮುದುಕರಿಗೆ ಆ ಕೀರ್ತಿಯು ಕಾಲುನೋವು. ಊಟಕ್ಕೆ ಬುತ್ತಿಯೇ ಸರಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರನ್ನ.

ಕಾಲದ ವಿಚಾರವನ್ನು ಕೊಂಚ ದೀರ್ಘವಾಗಿ ಮಾಡಬೇಕಾಯಿತು. ಮುಂಗಾರಿನಲ್ಲಿ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವವು. ಆಗ ಗಾಳ ಹಾಕುವದು ಮುಂದಿನ ವರ್ಷದ ಬೀಜವನ್ನು ತಿಂದಂತೆ. ಪುಷ್ಯದ ಚಳಿಯಲ್ಲಿ ನೀರು ತಣ್ಣಗಾಗಿ ಅವು ಸರಿಯಾಗಿ ಮೇಯುವದಿಲ್ಲ. ಶಿವರಾತ್ರಿಯ ಸುಮಾರಿಗೆ ಬಿಸಿಲು ಹದವಾಗುವದು. ಆದರೆ ಆಗ ಸಿದ್ಧಾರೂಢರ ಜಾತ್ರೆಯ ಜನದಿಂದ ಹುಬ್ಬಳ್ಳಿಯ ಗಾಡಿಗಳಲ್ಲಿ ನಿಲ್ಲಲೂ ಸ್ಥಳವಿರದು. ಜಾತ್ರೆ ಕಳೆದು ಎಂಟು ದಿವಸಗಳಾದ ಮೇಲೆ ಹೊರಡುವದು ಯುಕ್ತವೆಂದು ತೋರಿದೆ.

ಸಾಮಗ್ರಿಗೆ ಹೆಚ್ಚು ಹಣ ಬೇಕಿಲ್ಲ. ಬಿದಿರು ಕೋಲು, ದಾರ, ನಾಲ್ಕಾರು ಗಾಳ, ಬೆಂಡು, ಸೀಸದ ಗುಂಡು, ಎರೆಹುಳು, ಹಿಟ್ಟಿನ ಉಂಡೆ. ನಮ್ಮ ನಾಡಿನ ಕೆರೆಗಳಲ್ಲಿ ಬಿಟ್ಟು ಬೆಳೆಸುವ ಮೀನುಗಳಲ್ಲಿ ಕಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ ತಳದಲ್ಲಿ ಮೇಯುವವು. ಆದ್ದರಿಂದ ಬೆಂಡನ್ನು ಮೇಲೆ ಕೆಳಗೆ ಸರಿಸಿ ಮೂರು ಆಳಗಳನ್ನೂ ಪರೀಕ್ಷಿಸಿದರೆ ಅರಿಯದ ನೀರೂ ತನ್ನ ಗುಟ್ಟನ್ನು ಸ್ವಲ್ಪ ಹೇಳುವದು. ಬೆಲೆಯುಳ್ಳ ಗಾಳದ ಕೋಲು ಕೊಂಡು ಇದನ್ನು ಮಾಡದವನಿಗಿಂತ ಬಿದಿರಿನವನೇ ಮೇಲು.

ಅಂಜಿಕೆಯಿರುವದು ನೀರಿನದು. ಐವರಲ್ಲಿ ಈಜು ಬಲ್ಲವನು ನಮ್ಮ ಹಿರಿಯ ಮಗನೊಬ್ಬನೇ. ಮಿನೆಸೋಟದ ಹಿಮವನ್ನು ಕುಟ್ಟಿ ನೋಡಬಹುದು. ಕೆರೆಯ ದಂಡೆಯ ಹೂಳು ಮೇಲೆ ಒಣಗಿ ಬಿರಿದು ಗಟ್ಟಿ ನೆಲದಂತೆ ಕಂಡು ಒಳಗೆ ಮೊಳಕಾಲ ಕೆಸರಿರುವದು ಕಾಲಿಟ್ಟ ಮೇಲೆಯೇ ತಿಳಿಯುವದು. ಅದಕ್ಕಾಗಿ ಉದ್ದನ್ನ ಕೋಲಿನಿಂದ ತಿವಿದು ನೋಡದೆ ಯಾರೂ ಮುಂದೆ ಹೆಜ್ಜೆಯಿಡಕೂಡದು. ತೂಬಿನ ಹತ್ತಿರಕ್ಕೆ ಸುಳಿಯಕೂಡದು. ಮೊದಲ ಸಲ ತೆಪ್ಪವನ್ನೇರಕೂಡದು, ಯಾರು ಎಷ್ಟೇ ಪ್ರೀತಿಯಿಂದ ಕರೆದರೂ. ಐದು ಲೀಟರಿನ ಎಣ್ಣೆಯ ಖಾಲಿ ಕ್ಯಾನಿಗೆ ಬಿರಡೆ ಬಿಗಿದು, ನಲವತ್ತಡಿ ಹಗ್ಗ ಕಟ್ಟಿ, ಮುಳುಗುವವನ ಕಡೆಗೆ ಎಸೆಯಲು ಇಟ್ಟುಕೊಳ್ಳುವೆವು. ಇದನ್ನು ಎಸೆಯುವ ಅಭ್ಯಾಸವನ್ನು ಅತ್ತಿಗೆಯವರು ಅಂಗಳದಲ್ಲಿ ನಡಿಸಿದ್ದಾರೆ; ಗುರಿಯು ಮೂರಕ್ಕೆ ಎರಡು ಸಲ ಸರಿಯಾಗಿ ಬೀಳುತ್ತಲಿದೆ.

ಒಂದು ಮಾತು ಉಳಿಯಿತು. ಕೆರೆಯು ಸಾರ್ವಜನಿಕವಾದರೂ ಮೀನು ಹಾಗಲ್ಲ. ನಮ್ಮ ರಾಜ್ಯದಲ್ಲಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯ ಮೂಲಕ ಗುತ್ತಿಗೆಗೆ ಕೊಡುವ ರೂಢಿಯುಂಟು. ಮರಿ ಬಿಟ್ಟು ಬೆಳೆಸಿದವರ ಅನ್ನವು ಅದರಲ್ಲಿರುವದು. ವಿನೋದಕ್ಕೆ ಬಂದ ನಾವು ಕೇಳದೆ ಒಂದು ಮೀನು ತೆಗೆದರೂ ಅದು ಕಳವೇ. ಅನುಮತಿ ಕೇಳಿ ಬರೆದಿದ್ದೇವೆ. ದೊರೆತರೆ ಸಂತೋಷ, ದೊರೆಯದಿದ್ದರೆ ಕೋಲುಗಳನ್ನು ಮನೆಯಲ್ಲಿಯೇ ಬಿಟ್ಟು, ಏರಿಯ ಮೇಲೆ ಕಾಕಾ ಅವರನ್ನು ಕೂಡ್ರಿಸಿ, ನೀರನ್ನು ತೋರಿಸಿಕೊಂಡು ಬರುವದೆಂದು ಗೊತ್ತುಮಾಡಿದ್ದೇವೆ. ಇದನ್ನು ಅವರಿಗೂ ತಿಳಿಸಿದೆವು. ಅವರು ಸುಮ್ಮನೆ ತಲೆಯಾಡಿಸಿ, ಗಾಳಗಳನ್ನು ಬೆರಳಿನಿಂದ ತಡವಿ ಮೊನೆ ನೋಡುತ್ತ ಕುಳಿತರು.