ಕಾಕಾನ ಸಿಡಿ

ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದರೆ ನಡುವೆ ಮಸ್ಕಿ ಸಿಗುತ್ತೆ. ಪ್ರತಿ ಬೇಸಿಗೆ ರಜೆಗೂ ಇದೇ ದಾರಿಯಲ್ಲಿ ಕಾಕಾನ ಮನೆಗೆ ಹೋಗ್ತಿದ್ದೆ. ಮಸ್ಕಿಯ ಗುಡ್ಡ ಕಂಡ ತಕ್ಷಣ ಅಪ್ಪ "ಅಶೋಕನ ಶಾಸನ ಅಲ್ಲೇ ಐತಿ ನೋಡು" ಅಂತಿದ್ದ. ನನಗೆ ಅಶೋಕ ಬೇಕಿರಲಿಲ್ಲ. ಕಾಕಾನ ಕಂಪ್ಯೂಟರ್ ಬೇಕಿತ್ತು.

ಲಿಂಗಸುಗೂರಿನಲ್ಲಿ ಕಾಕಾಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಅರ್ಜಿ, ಬಯೋಡೇಟಾ. ಅವನು ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಜೊತೆ ಒಂದಿಷ್ಟು ಸಿಡಿ ಬಂದಿದ್ವು. ಅದರಲ್ಲೊಂದು 'ಡೇ ಆಫ್ ದ ಟೆಂಟಕಲ್', 1993ರಲ್ಲಿ ಲ್ಯೂಕಾಸ್‌ಆರ್ಟ್ಸ್ ಹೊರತಂದ ಅಡ್ವೆಂಚರ್ ಗೇಮ್. ಡಾಕ್ಟರ್ ಫ್ರೆಡ್‌ನ ಯಂತ್ರದಿಂದ ಬಂದ ಹೊಲಸು ನೀರು ಕುಡಿದು ನೇರಳೆ ಬಣ್ಣದ ಟೆಂಟಕಲ್ ಒಂದಕ್ಕೆ ಜಗತ್ತನ್ನೇ ಆಳೋ ಹುಚ್ಚು ಹಿಡಿಯುತ್ತೆ. ಅದನ್ನು ತಡೆಯೋಕೆ ಮೂವರು ಹುಡುಗರು ಕಾಲಯಂತ್ರ ಹತ್ತುತ್ತಾರೆ. ಒಬ್ಬ 200 ವರ್ಷ ಹಿಂದೆ, ಒಬ್ಬಳು 200 ವರ್ಷ ಮುಂದೆ, ಇನ್ನೊಬ್ಬ ಇವತ್ತಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನಾನಾಗ ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಇಂಗ್ಲಿಷ್ ಒಂದಕ್ಷರ ತಿಳೀತಿರಲಿಲ್ಲ. ಕಾಕಾ ಸ್ಪೀಕರ್ ಸಣ್ಣ ಮಾಡಿ, ಕೆಳಗೆ ಬರೋ ಸಬ್‌ಟೈಟಲ್ ಓದಿ, ಎಲ್ಲರ ಮಾತನ್ನೂ ತಾನೇ ಆಡ್ತಿದ್ದ. ಟೆಂಟಕಲ್ ನೀರಿಗೆ ಬಾಯಿ ಹಾಕಿದಾಗ "ಲೇ, ಕುಡೀಬ್ಯಾಡೋ, ಹೊಟ್ಟಿ ಕೆಡ್ತದ!" ಅಂತ ಕೂಗಿದ್ರೆ, ಜೆರಾಕ್ಸ್ ಮಾಡಿಸೋಕೆ ಬಂದವರೂ ನಿಂತು ನೋಡ್ತಿದ್ರು.

ಹೋದ ವರ್ಷ ದಸರಾ ರಜೆಯಲ್ಲಿ ಕಾಕಾನ ಮನೆ ಅಟ್ಟದಲ್ಲಿ ಆ ಸಿಡಿ ಸಿಕ್ತು. ಅಂಗಡಿ ಮುಚ್ಚಿ ವರ್ಷಗಳಾಗಿದ್ವು. ಹಾಸ್ಟೆಲ್‌ಗೆ ತಂದು, ರೂಮ್‌ಮೇಟ್‌ನ ಯುಎಸ್‌ಬಿ ಡ್ರೈವಿಗೆ ಹಾಕಿದೆ. ಗೀರು ಬಿದ್ದಿದ್ರೂ ಮೂರನೇ ಸಲಕ್ಕೆ ಪೂರ್ತಿ ಕಾಪಿ ಆಯ್ತು. ಗೇಮ್ ಆಡೋಕೆ ಸ್ಕಮ್‌ವಿಎಂ ಇದೆ, 2001ರಿಂದ ಬೆಳೀತಾ ಬಂದಿರೋ ಓಪನ್ ಸೋರ್ಸ್ ಪ್ರಾಜೆಕ್ಟ್. ಆದರೆ ನನಗೆ ಆಡೋದಕ್ಕಿಂತ ಆ ದನಿಗಳು ಬೇಕಿದ್ವು. ಅವನ್ನು ಕಾಕಾನಿಗೆ ಕೇಳಿಸಬೇಕಿತ್ತು.

ಮಾತುಗಳೆಲ್ಲ 'ಮಾನ್‌ಸ್ಟರ್' ಅನ್ನೋ ಹೆಸರಿನ ಒಂದೇ ದೊಡ್ಡ ಫೈಲಿನಲ್ಲಿದ್ವು. ಅದನ್ನ ಹಾಗೇ ಆಡಾಸಿಟಿಯಲ್ಲಿ ರಾ ಡೇಟಾ ಅಂತ ಇಂಪೋರ್ಟ್ ಮಾಡಿದೆ. ಹೆಡ್‌ಫೋನ್ ಕಿತ್ತೆಸೆಯೋಹಂಗೆ ಕರ್ಕಶ ಸದ್ದು! ತಪ್ಪು ನನ್ನದೇ. ಅದು 8 ಬಿಟ್ ಅನ್‌ಸೈನ್ಡ್ ಆಡಿಯೋ, ಅಲ್ಲಿ ಮೌನ ಅಂದ್ರೆ 128. ನಾನು ಸೈನ್ಡ್ ಅಂತ ಕೊಟ್ಟಿದ್ದೆ, 128 ಹೋಗಿ ಮೈನಸ್ 128 ಆಗಿತ್ತು. ಅದನ್ನು ಸರಿ ಮಾಡಿದ ಮೇಲೆ ಮಾತು ಕೇಳಿಸ್ತು, ಆದ್ರೆ ಇಲಿ ಚೀರಿದಂಗೆ. ಸ್ಯಾಂಪಲ್ ರೇಟ್ ತಪ್ಪಿತ್ತು.

ಆಗ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ. ಸಾಲುಗಟ್ಟಲೆ ಅರ್ಥವಿಲ್ಲದ ಬೈಟುಗಳು. ನಡುವೆ ಓದೋಕೆ ಬರೋ ಮೂರು ಪದ: 'ಕ್ರಿಯೇಟಿವ್ ವಾಯ್ಸ್ ಫೈಲ್'. ಸ್ವಲ್ಪ ಕೆಳಗೆ ಮತ್ತೆ ಅದೇ. ಮತ್ತೆ ಅದೇ. ಅಂದ್ರೆ ಒಂದೊಂದು ಮಾತೂ ಒಂದೊಂದು ವಿಒಸಿ ಫೈಲು, ಸೌಂಡ್ ಬ್ಲಾಸ್ಟರ್ ಕಾರ್ಡಿನ ಕಾಲದ ಫಾರ್ಮ್ಯಾಟ್. ಹೆಡರ್ ಗುರುತು ಸಿಕ್ಕಮೇಲೆ ಉಳಿದದ್ದು ಸಲೀಸು. ಮುಂದಿನ ಬ್ಲಾಕಿನಲ್ಲಿ ಮೂರು ಬೈಟ್ ಉದ್ದ ಹೇಳುತ್ತೆ, ಅದರ ನಂತರದ್ದು ಸ್ಯಾಂಪಲ್ ರೇಟ್. 256ರಲ್ಲಿ ಆ ಬೈಟನ್ನು ಕಳೆದು, ಬಂದದ್ದರಿಂದ ಹತ್ತು ಲಕ್ಷವನ್ನು ಭಾಗಿಸಬೇಕು. ಬೈಟ್ 166 ಇದ್ದರೆ ಸುಮಾರು 11,111 ಹರ್ಟ್ಸ್. ಹೆಡರ್‌ಗೆ ಮುಂಚೆ ಪಾತ್ರದ ಬಾಯಿ ಯಾವಾಗ ಆಡಬೇಕು ಅನ್ನೋ ಲೆಕ್ಕವೂ ಇತ್ತು. ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಸಾವಿರಾರು ಮಾತುಗಳನ್ನ ಬಿಡಿಸಿದೆ.

ಆ ರಾತ್ರಿ ಮಸ್ಕಿ ನೆನಪಾಯ್ತು. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲೇ ಓದಿದ್ದ. ಆದ್ರೆ ಆಗ ಗೊತ್ತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳಷ್ಟೇ ಇದ್ವು. ಆ ರಾಜ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. 1915ರಲ್ಲಿ ಅದನ್ನು ಕಂಡವನು ಸಿ. ಬೀಡನ್, ಚಿನ್ನ ಹುಡುಕೋಕೆ ಬಂದಿದ್ದ ಗಣಿ ಎಂಜಿನಿಯರ್. ಒಂದು ಹೆಸರು ಓದೋಕೆ ಸಿಕ್ಕರೆ ಉಳಿದದ್ದೆಲ್ಲ ಯಾರದು ಅಂತ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿ ಕೂತು ಇದನ್ನ ನಾನು ಹೆಕ್ಸ್ ಎಡಿಟರ್‌ನಿಂದ ಕಲಿತೆ.

ಸಂಗೀತದ ಕಥೆ ಬೇರೆ. ಅದು ಇನ್ನೊಂದು ಫೈಲಿನಲ್ಲಿ, ಪ್ರತಿ ಬೈಟಿಗೂ 105 ಹಾಕಿ ಎಕ್ಸ್‌ಒಆರ್ ಮಾಡಿ ಮುಚ್ಚಿಟ್ಟಿದ್ರು. ಬಿಚ್ಚಿದ್ರೆ ಒಳಗೆ ಸದ್ದೇ ಇಲ್ಲ, ಬರೀ ಮಿಡಿ. ಯಾವ ಸ್ವರ, ಯಾವ ವಾದ್ಯ, ಎಷ್ಟು ಹೊತ್ತು ಅನ್ನೋ ಸೂಚನೆ ಅಷ್ಟೇ. ಭಜನೆ ಪುಸ್ತಕಕ್ಕೂ ಭಜನೆ ಕ್ಯಾಸೆಟ್ಟಿಗೂ ಇರೋ ವ್ಯತ್ಯಾಸ. ನುಡಿಸೋದು ಸೌಂಡ್ ಕಾರ್ಡಿನ ಕೆಲಸ. ಅದೇ ಮಿಡಿ ಆಡ್‌ಲಿಬ್‌ನಲ್ಲಿ ಒಂಥರಾ, ರೋಲ್ಯಾಂಡ್ ಎಂಟಿ-32ರಲ್ಲಿ ಇನ್ನೊಂಥರಾ. ಸ್ಕಮ್‌ವಿಎಂನಲ್ಲಿ ಆಡ್‌ಲಿಬ್ ಆರಿಸಿದಾಗ ಲಿಂಗಸುಗೂರಿನ ಅಂಗಡಿಯೇ ಎದುರಿಗೆ ಬಂದಂಗಾಯ್ತು.

ಸಂಕ್ರಾಂತಿಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಹೋದೆ. ಕಾಕಾನ ಕಿವಿಗೆ ಹೆಡ್‌ಫೋನ್ ಹಾಕಿ ಒಂದೊಂದೇ ಫೈಲ್ ಕೇಳಿಸಿದೆ. ಸ್ವಲ್ಪ ಹೊತ್ತು ಕೇಳಿ ತೆಗೆದಿಟ್ಟ.

"ಚಲೋ ಮಾಡೀಪಾ. ಆದ್ರ ಇವು ಯಾರ ದನಿ?"

ನನಗೂ ಆಗಲೇ ಹೊಳೆದಿದ್ದು. ಆ ದನಿಗಳು ನನಗೂ ಪರಿಚಯ ಇರಲಿಲ್ಲ. ನನ್ನ ತಲೆಯಲ್ಲಿ ಆ ಗೇಮಿನ ಪಾತ್ರಗಳೆಲ್ಲ ಮಾತಾಡ್ತಿದ್ದದ್ದು ಕಾಕಾನ ದನಿಯಲ್ಲಿ, ನಮ್ಮ ಭಾಷೆಯಲ್ಲಿ. ಎರಡು ತಿಂಗಳು ಕೂತು ಒಂದು ಬೈಟೂ ಬಿಡದಂಗೆ ತೆಗೆದಿದ್ದೆ. ನನಗೆ ಬೇಕಾದದ್ದು ಮಾತ್ರ ಆ ಸಿಡಿಯಲ್ಲಿ ಇರಲೇ ಇಲ್ಲ. ಯಾರೂ ರೆಕಾರ್ಡ್ ಮಾಡಿರಲಿಲ್ಲ.

"ಕಾಕಾ, ಇನ್ನೊಮ್ಮೆ ನೀ ಮಾತಾಡು" ಅಂದೆ. "ಹುಚ್ಚನಂಗ ಮಾಡಬ್ಯಾಡ, ಈಗೆಲ್ಲಿ ನೆನಪು ಅದಾವು" ಅಂದ. ಆದ್ರೂ ಕನ್ನಡಕ ಹಾಕ್ಕೊಂಡು ಕೂತ. ನಾನು ಮೊಬೈಲ್‌ನಲ್ಲಿ ರೆಕಾರ್ಡರ್ ಒತ್ತಿದೆ. ದನಿ ಈಗ ಗೊಗ್ಗರಾಗಿದೆ. ಸಬ್‌ಟೈಟಲ್ ಓದೋದರೊಳಗೆ ಮಾಯ ಆಗ್ತಿತ್ತು, ನಾನು ಗೇಮ್ ನಿಲ್ಲಿಸಿ ಓದಿ ಹೇಳ್ತಿದ್ದೆ. ಹೊಟ್ಟೆ ಕೆಡೋ ಮಾತು ಮರೆತೇಹೋಗಿತ್ತು. ಅದರ ಬದಲು ಟೆಂಟಕಲ್‌ಗೆ "ಕಾಲುವಿ ನೀರು ಬಂದಿಲ್ಲಂತ ಇದನ್ನ ಕುಡೀತಿಯೇನಲೇ?" ಅಂದ. ಒಳಗಿಂದ ಚಿಗವ್ವ ನಕ್ಕಿದ್ದೂ ರೆಕಾರ್ಡ್ ಆಗಿದೆ, ನಡುವೆ ಚಾ ಕುಡಿಯೋಕೆ ಕರೆದದ್ದೂ ಇದೆ. ಮೂರನೇ ಕ್ಲಾಸಿನಲ್ಲಿ ಕೇಳಿದ್ದು ಇದಲ್ಲ. ಅದು ಯಾವ ಸ್ಕ್ರಿಪ್ಟಿಗೂ ಸಿಗಲ್ಲ.

ನೀವೂ ಪ್ರಯತ್ನಿಸಬೇಕು ಅಂದ್ರೆ 'ಬಿನೀತ್ ಎ ಸ್ಟೀಲ್ ಸ್ಕೈ' ಗೇಮ್‌ನಿಂದ ಶುರು ಮಾಡಿ. 1994ರ ಆ ಗೇಮ್ 2003ರಿಂದ ಉಚಿತ, ಸ್ಕಮ್‌ವಿಎಂ ಜಾಲತಾಣದಲ್ಲೇ ಸಿಗುತ್ತೆ. ಫಾರ್ಮ್ಯಾಟ್ ಬೇರೆ, ಹುಡುಕೋ ಖುಷಿ ಅದೇ.

ವಾಪಸ್ ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ಮೊಬೈಲ್ ತೆಗೆದು ನೋಡಿದೆ. ರೆಕಾರ್ಡಿಂಗಿಗೆ ಬರೀ ಅಂಕಿಗಳ ಹೆಸರು. ಅದನ್ನು ಅಳಿಸಿ ಕಾಕಾನ ಪೂರ್ತಿ ಹೆಸರು, ಲಿಂಗಸುಗೂರು, ತಾರೀಖು ಬರೆದೆ. ಆಮೇಲೆ ಎರಡು ಕಡೆ ಕಾಪಿ ಇಟ್ಟೆ.