ಹತ್ತೂವರೆ ಗಂಟೆಯ ಬಿಸಿಲು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಫೆಬ್ರವರಿ ತಿಂಗಳ ಬೆಳಿಗ್ಗೆ ಏಳು ಗಂಟೆ. ಅಡಿಕೆ ತೋಟದ ತಲೆಯ ಮೇಲೆ ಮಂಜು ಇನ್ನೂ ಕೂತೇ ಇತ್ತು. ಹಿತ್ತಿಲಲ್ಲಿ ಆರು ಕಬ್ಬಿಣದ ಕಮಾನುಗಳು ಎರಡೆರಡು ಮೀಟರ್ ಅಂತರದಲ್ಲಿ ಸಾಲಾಗಿ ನಿಂತಿದ್ದವು, ಕಮಾನು ಕಟ್ಟಿ ಹೊದಿಕೆ ಹಾಕಲು ಮರೆತ ಎತ್ತಿನ ಗಾಡಿಯ ಹಾಗೆ. ಅಪ್ಪ ತೆಂಗಿನ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು, "ಗಾಳಿ ಏಳೋಕೆ ಮುಂಚೆ ಹಾಳೆ ಹೊದೆಸಬೇಕು, ಬನ್ನಿ ಎಲ್ಲ" ಎಂದು ಕೂಗಿದರು.

"ಈಗ ಬೇಡ ಅಪ್ಪಯ್ಯ, ಬಿಸಿಲು ಏರಲಿ" ಎಂದಳು ಜಗಲಿಯಲ್ಲಿ ಓದುತ್ತಿದ್ದ ಮಗಳು.

"ಮುಂದಿನ ತಿಂಗಳು ಪರೀಕ್ಷೆ ಇಟ್ಕೊಂಡು ಇವಳಿಗೆ ಪ್ಲಾಸ್ಟಿಕ್ಕಿನ ಚಿಂತೆ!" ಎಂದು ಅಮ್ಮ ಒಳಗಿನಿಂದಲೇ ಗೊಣಗಿದರು. ಹುಡುಗಿ ದ್ವಿತೀಯ ಪಿಯುಸಿ, ವಿಜ್ಞಾನ. ಓದಿಕೊಳ್ಳಲೆಂದು ಕಾಲೇಜು ರಜೆ ಕೊಟ್ಟಿತ್ತು.

ಆದರೆ ಆ ಪ್ಲಾಸ್ಟಿಕ್ಕಿನ ಚಿಂತೆ ಮನೆಮಂದಿಗೆಲ್ಲ ಇದ್ದದ್ದೇ. ಹೋದ ವರ್ಷ ಇದೇ ಕಮಾನುಗಳ ಕೆಳಗೆ ಮೂರು ಸಾವಿರ ಕೊಟ್ಟೆಗಳಲ್ಲಿ ಕಾಳುಮೆಣಸಿನ ಕುಡಿ ಊರಿದ್ದರು. ಬುಡದಲ್ಲಿ ಹಬ್ಬುವ ಹಂಬನ್ನು ಎರಡು ಮೂರು ಗೆಣ್ಣಿಗೆ ಕತ್ತರಿಸಿ, ಫೆಬ್ರವರಿ-ಮಾರ್ಚಿನಲ್ಲಿ ಊರಿ, ಗೂಡಿನ ತೇವದ ಬೆಚ್ಚನೆಯಲ್ಲಿ ಬೇರು ಬರಿಸಿದರೆ ಜೂನ್ ಮಳೆಗೆ ನೆಡಲು ಗಿಡ ಸಿದ್ಧ. ಗಿಡ ಮಾರಿದ ದುಡ್ಡು ಮಗಳ ಹಾಸ್ಟೆಲಿಗೆ ಎಂದು ಲೆಕ್ಕ. ಅಪ್ಪ ಮುಂಜಾನೆಯ ಚಳಿಯಲ್ಲಿ ಹಾಳೆ ಹೊದಿಸಿದ್ದರು. ಆಗ ಬಿಗಿಯಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಜೋಲು ಬಿತ್ತು. ಏಪ್ರಿಲಿನ ಗುಡುಗು ಮಳೆಯ ಒಂದು ರಾತ್ರಿ ಹಾಳೆ ಪಟಪಟ ಬಡಿದುಕೊಂಡು, ಬೆಳಗಾಗುವಾಗ ಕಮಾನಿನ ಉದ್ದಕ್ಕೂ ಸೀಳಿ ಹೋಗಿತ್ತು. ನೀರು ನಿಂತ ಕೊಟ್ಟೆಗಳಲ್ಲಿ ಕುಡಿಗಳು ಕಪ್ಪಾಗಿ ಕೊಳೆತವು. ಹಾಸ್ಟೆಲಿನ ದುಡ್ಡು ಸೊಸೈಟಿಯ ಸಾಲವಾಯಿತು. ಆ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮಗಳು ಪುಸ್ತಕ ಮಡಿಸಿ ಒಂದು ನೂಲಿನ ಉಂಡೆ ತಂದಳು. ಜಗಲಿಯ ಗೋಡೆಗೆ ಎರಡು ಮೀಟರ್ ದೂರದಲ್ಲಿ ಎರಡು ಮೊಳೆ ಹೊಡೆದಳು. ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಓದಿದ್ದು ಅವಳಿಗೆ ನೆನಪಿತ್ತು: ಪಾಲಿಥೀನ್ ಹಾಳೆ ಒಂದು ಡಿಗ್ರಿ ಬಿಸಿಯಾದರೆ ಪ್ರತಿ ಮೀಟರಿಗೆ ಸುಮಾರು 0.2 ಮಿಲಿಮೀಟರ್ ಹಿಗ್ಗುತ್ತದೆ. ಕಬ್ಬಿಣ ಹಿಗ್ಗುವುದು 0.012 ಮಿಲಿಮೀಟರ್ ಮಾತ್ರ. ಬೆಳಿಗ್ಗೆ 15 ಡಿಗ್ರಿ, ಮಧ್ಯಾಹ್ನ 33. ಹತ್ತು ಮೀಟರ್ ಉದ್ದದ ಗೂಡಿನಲ್ಲಿ ಹಾಳೆ 36 ಮಿಲಿಮೀಟರ್ ಬೆಳೆಯಿತು; ಕಬ್ಬಿಣ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಐದು ಅಂಕಣಗಳಿಗೆ ಹಂಚಿದರೆ ಅಂಕಣಕ್ಕೆ ಏಳು ಮಿಲಿಮೀಟರ್.

"ಏಳು ಮಿಲಿಮೀಟರ್ ಅಂದ್ರೆ ಎಷ್ಟು ಮಾರಾಯ್ತಿ? ಕಡಲೆ ಕಾಳಿನಷ್ಟು. ಅದಕ್ಕೆ ಇಷ್ಟೆಲ್ಲ ರಗಳೆಯಾ?"

ಮಗಳು ಎರಡು ಮೀಟರಿಗಿಂತ ಏಳು ಮಿಲಿಮೀಟರ್ ಉದ್ದವಾದ ನೂಲನ್ನು ಮೊಳೆಗಳಿಗೆ ಕಟ್ಟಿ ನಡುವೆ ಬೆರಳಿಟ್ಟು ಕೆಳಕ್ಕೆ ಎಳೆದಳು. ನೂಲು ನೇರ ಗೆರೆಯಿಂದ ಎಂಟು ಸೆಂಟಿಮೀಟರಿಗೂ ಕೆಳಗೆ ಇಳಿಯಿತು. ನಂಬಿಕೆ ಬಾರದ ವಿದ್ಯಾರ್ಥಿಗಳು ಪೈಥಾಗೊರಸ್ ಪ್ರಮೇಯ ಹಿಡಿದು ಲೆಕ್ಕ ಮಾಡಬಹುದು: ತಳ 1000 ಮಿಲಿಮೀಟರ್, ಕರ್ಣ 1003.5. ಮೂರನೆಯ ಬಾಹು ಎಷ್ಟು? ಪರೀಕ್ಷೆಯಲ್ಲಿ ಬರೆದು ಮರೆಯುವ ಪ್ರಮೇಯ ಹೀಗೆ ಗೋಡೆಯ ಮೇಲೆ ಕಾಣುವುದು ಅಪರೂಪ.

ಅಪ್ಪ ಆ ಸಂದಿನಲ್ಲಿ ತಮ್ಮ ಮುಷ್ಟಿ ಇಟ್ಟು ನೋಡಿದರು. "ಹೋದ ವರ್ಷ ಇಷ್ಟೇ ಇತ್ತು" ಎಂದರು. ಒಂದು ವರ್ಷದಲ್ಲಿ ಆ ವಿಷಯವಾಗಿ ಅವರು ಆಡಿದ ಮೊದಲ ಮಾತು ಅದು.

ಹಾಗೆಂದು ಅವರ ವಾದ ಸೋತಿರಲಿಲ್ಲ. "ಸರಿ, ಮಧ್ಯಾಹ್ನ ಎಳೆಯುವಾ. ಗಾಳಿಗೆ ಎಂತ ಮಾಡ್ತೀಯ?" ಎಂದು ಕೇಳಿದರು. ಘಟ್ಟದ ಸೀಮೆಯಲ್ಲಿ ಬೇಸಿಗೆಯ ಹೊತ್ತೇರಿದಂತೆ ನೆಲ ಕಾದು ಗಾಳಿ ಏಳುವುದು ಅವರಿಗೆ ಪುಸ್ತಕವಿಲ್ಲದೆ ಗೊತ್ತಿತ್ತು. ತಂದ ಹಾಳೆ ಏಳು ಮೀಟರ್ ಅಗಲ, ಹದಿನಾಲ್ಕು ಮೀಟರ್ ಉದ್ದ, 200 ಮೈಕ್ರಾನ್ ದಪ್ಪ. ತೂಕ 18 ಕಿಲೊ. ಕಟ್ಟುವ ಮುಂಚೆ ಗಾಳಿ ಅದರೊಳಗೆ ಹೊಕ್ಕರೆ ನಾಲ್ಕು ಜನರನ್ನೂ ಎಳೆದೊಯ್ಯುವ ಹಾಯಿಯಾಗುತ್ತದೆ. ಗಂಟೆಗೆ 36 ಕಿಲೊಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು ಆರು ಕಿಲೊ ತೂಕದಷ್ಟು. ವೇಗ 72ಕ್ಕೆ ಏರಿದರೆ ಒತ್ತಡ ಹನ್ನೆರಡಲ್ಲ, ಇಪ್ಪತ್ತನಾಲ್ಕು. ಮಗಳಿಗೆ ಈ ಸೂತ್ರವೂ ಗೊತ್ತಿತ್ತು. ಅದಕ್ಕೇ ಅವಳು ಸುಮ್ಮನಾದಳು.

ಚಳಿಯೂ ಇರಬಾರದು, ಗಾಳಿಯೂ ಇರಬಾರದು. ಅಂಥ ಹೊತ್ತು ಯಾವುದು? ಇಬ್ಬರೂ ಸೇರಿ ಹತ್ತೂವರೆ ಎಂದು ತೀರ್ಮಾನಿಸಿದರು.

ಅಲ್ಲಿಯವರೆಗೆ ಕೈ ಖಾಲಿ ಇರಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣ ತಾಗುವಲ್ಲಿಯೇ ಹಾಳೆ ಮೊದಲು ಸಾಯುವುದು. ಅಪ್ಪನ ಹಳೆಯ ಬಿಳಿ ಪಂಚೆಯನ್ನು ಸೀಳಿ ಕಮಾನುಗಳಿಗೆಲ್ಲ ಸುತ್ತಿದರು. ಕಟ್ಟುತಂತಿಯ ಮೊನೆಗಳನ್ನು ಒಳಮುಖವಾಗಿ ಬಗ್ಗಿಸಿದರು. ಎರಡೂ ಬದಿಗೆ ಒಂದಡಿ ಆಳದ ಚರಂಡಿ ತೋಡಿದರು. ಹಾಳೆಯ ಅಂಚಿನ ಅಚ್ಚು ನೋಡಿ ಮೇಲ್ಮೈ ಯಾವುದೆಂದು ಗುರುತು ಮಾಡಿಕೊಂಡಿದ್ದು ಮಗಳೇ.

ಪಾಲಿಥೀನ್ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಅನಿರೀಕ್ಷಿತವಾಗಿ ಸಿಕ್ಕಿದ್ದು 1933ರಲ್ಲಿ. ದುಬಾರಿ ಗಾಜಿಗೆ ಬದಲು ಪ್ಲಾಸ್ಟಿಕ್ ಹೊದಿಸಿ ಗಿಡದ ಮನೆ ಕಟ್ಟಿದವರು ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಪ್ರೊಫೆಸರ್ ಎಮ್ಮರ್ಟ್, 1948ರಲ್ಲಿ. ಗಾಜಿನ ಮನೆಗೆ ಕೈ ಎಟುಕದವರ ಪಾಲಿಗೆ ಅದು ದೊಡ್ಡ ಉಪಕಾರ. ಆದರೆ ಗಾಜಿಗಿಲ್ಲದ ತೊಂದರೆಯೊಂದು ಅದರ ಜೊತೆಗೇ ಬಂತು: ಪ್ಲಾಸ್ಟಿಕ್ಕನ್ನು ಕೂರಿಸಿದರೆ ಸಾಲದು, ಎಳೆದು ಕಟ್ಟಬೇಕು.

ಹಗ್ಗ ಕಟ್ಟಲು ಹಾಳೆಗೆ ತೂತು ಮಾಡಿದರೆ ಸೀಳು ಅಲ್ಲಿಂದಲೇ ಶುರು. ಅಪ್ಪ ಹಸಿ ಅಡಿಕೆಕಾಯಿಗಳನ್ನು ಹಾಳೆಯ ಅಂಚಿನಲ್ಲಿಟ್ಟು ಮಡಿಸಿ, ಕತ್ತಿಗೆ ಹಗ್ಗ ಬಿಗಿದರು. ಹಗ್ಗಗಳು ಕಮಾನುಗಳ ಮೇಲಿಂದ ಆಚೆಗೆ ಬಿದ್ದವು. ಆಚೆಮನೆಯ ಗಂಡ ಹೆಂಡತಿ ಬಂದರು. ಗೊಣಗುತ್ತಿದ್ದ ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಬಂದು ಒಂದು ಹಗ್ಗ ಹಿಡಿದರು. "ಹೋ... ಎಳೀರಿ, ಒಟ್ಟಿಗೆ!" ಹಾಳೆ ಒಮ್ಮೆ ತಡೆದು, ಸರ್ರನೆ ಜಾರಿ ಬೆನ್ನೇರಿ ಆಚೆ ಇಳಿಯಿತು.

ಮೊದಲು ಒಂದು ತುದಿಯನ್ನು ಬಾಗಿಲ ಚೌಕಟ್ಟಿಗೆ ಅಡಿಕೆ ದಬ್ಬೆ ಒತ್ತಿ ಮೊಳೆ ಹೊಡೆದರು. ಆಮೇಲೆ ಇನ್ನೊಂದು ತುದಿಯನ್ನು ಎಲ್ಲರೂ ಸೇರಿ ಎಳೆದು ಅದೇ ರೀತಿ ಹೊಡೆದರು. ಬದಿಗಳ ಕೆಲಸವೇ ನಿಧಾನದ್ದು. ನಡುವಿನ ಅಂಕಣದಿಂದ ಶುರುಮಾಡಿ ಚರಂಡಿಯಲ್ಲಿ ಹಾಳೆ ಇಳಿಬಿಟ್ಟು ಮಣ್ಣು ತುಂಬಿ ತುಳಿಯಬೇಕು. ಈ ಬದಿಗೆ ನಾಲ್ಕು ಬುಟ್ಟಿ, ಆ ಬದಿಗೆ ನಾಲ್ಕು ಬುಟ್ಟಿ. ಒಂದೇ ಬದಿ ಮುಗಿಸಿಬಿಟ್ಟರೆ ಇನ್ನೊಂದು ಬದಿಗೆ ಸುಕ್ಕೇ ಗತಿ. ತುಳಿದ ಮಣ್ಣಿನ ಭಾರಕ್ಕೇ ಹಾಳೆ ತಾನಾಗಿ ಕೆಳಗೆ ಎಳೆದುಕೊಳ್ಳುತ್ತದೆ.

"ಇನ್ನೂ ಎಳೆದರೆ ರಾತ್ರಿ ಕುಗ್ಗುವಾಗ ಹರಿಯೂದಿಲ್ವನೇ?" ಎಂದು ಕೇಳಿದರು ಅಪ್ಪ.

"ಇಲ್ಲ ಅಪ್ಪಯ್ಯ. ರಾತ್ರಿ ಕುಗ್ಗೋದು ನೂರಕ್ಕೆ ಅರ್ಧದಷ್ಟೂ ಇಲ್ಲ. ಹಾಳೆ ಅದಕ್ಕಿಂತ ಎಷ್ಟೋ ಪಟ್ಟು ಹಿಗ್ಗಿದ ಮೇಲೆ ಹರಿಯೂದು."

ಹನ್ನೆರಡಕ್ಕೆ ಸರಿಯಾಗಿ ಗಾಳಿ ಎದ್ದಿತು. ಕೊನೆಯ ಅಂಕಣದ ಮಣ್ಣು ಇನ್ನೂ ತುಂಬಿರಲಿಲ್ಲ. ಆ ಅಂಚು ಎದ್ದು ಒಮ್ಮೆ ಬಡಿಯಿತು. ಅಮ್ಮ ಓಡಿ ಹೋಗಿ ಅದರ ಮೇಲೆ ಕುಳಿತೇಬಿಟ್ಟರು. ಮಣ್ಣು ಬರುವವರೆಗೂ ಏಳಲಿಲ್ಲ. ಅಲ್ಲಿಂದಲೇ ಮಗಳಿಗೆ, "ಇನ್ನಾದರೂ ಹೋಗಿ ಓದು" ಎಂದರು.

ಮರುದಿನ ಬೆಳಿಗ್ಗೆ ಐದಕ್ಕೆ ಓದಲು ಎದ್ದ ಮಗಳಿಗೆ ಹಿತ್ತಿಲಲ್ಲಿ ಟಾರ್ಚಿನ ಬೆಳಕು ಕಾಣಿಸಿತು. ಅಪ್ಪ ಗೂಡಿನ ಸುತ್ತ ನಡೆಯುತ್ತ ಬೆರಳಿನಿಂದ ಹಾಳೆ ತಟ್ಟುತ್ತಿದ್ದರು. ಒಂದು ಕಾಲದಲ್ಲಿ ಯಕ್ಷಗಾನ ಬಿಡದೆ ನೋಡಿದವರು. ಮದ್ದಲೆಯ ಶ್ರುತಿ ಕೇಳುವವರ ಹಾಗೆ ತಲೆ ವಾರೆ ಮಾಡಿದ್ದರು. ಚಳಿಗೆ ಹಾಳೆ ಇನ್ನಷ್ಟು ಬಿಗಿದು, ಇಬ್ಬನಿ ನಿಲ್ಲದೆ ಬದಿಗೆ ಇಳಿಯುತ್ತಿತ್ತು.

ಏಪ್ರಿಲಿನಲ್ಲಿ ಗುಡುಗು ಮಳೆ ಬಂದೇ ಬಂತು. ಪರೀಕ್ಷೆ ಮುಗಿಸಿ ಬಂದಿದ್ದ ಮಗಳೂ ಅಪ್ಪನೂ ಆ ರಾತ್ರಿ ಜಗಲಿಯಲ್ಲೇ ಕೂತಿದ್ದರು. ಬೆಳಿಗ್ಗೆ ನೋಡಿದರೆ ಬಾಗಿಲ ಮೇಲಿನ ಮೂಲೆಯಲ್ಲಿ ಅಂಗೈಯಗಲದ ಹರುಕು. ಬಗ್ಗಿಸಲು ಮರೆತ ಒಂದು ತಂತಿಯ ಮೊನೆ ಅಲ್ಲಿತ್ತು. ಅಪ್ಪ ತಂತಿ ಬಗ್ಗಿಸಿದರು, ಮಗಳು ಎರಡೂ ಕಡೆಯಿಂದ ಟೇಪು ಹಚ್ಚಿದಳು. ಒಳಗೆ ಕೊಟ್ಟೆಗಳಲ್ಲಿ ಕುಡಿಗಳು ಎರಡೆರಡು ಎಲೆ ಬಿಟ್ಟಿದ್ದವು.